ಮಿರಜದಲ್ಲಿ ಕಳುವು, ಕಾಗವಾಡದಲ್ಲಿ ಫಿರ್ಯಾದಿ

ಗಡಿಭಾಗದಲ್ಲಿ ಮೊಬೈಲ್ ಕಳುವಾದಾಗ, ಅದು ಸಿಗುತ್ತದೋ ಇಲ್ಲವೋ ಎಂಬುದಕ್ಕಿಂತ ಮೊದಲು ಏಳುವ ಪ್ರಶ್ನೆ ಯಾವ ರಾಜ್ಯದ ಠಾಣೆಯ ಮೆಟ್ಟಿಲು ಹತ್ತಬೇಕು ಎಂಬುದು. ಕಾಗವಾಡ, ಶೇಡಬಾಳ, ಉಗಾರದ ಜನಕ್ಕೆ ದೊಡ್ಡ ಆಸ್ಪತ್ರೆ ಎಂದರೆ ಮಿರಜ. ನಿಪ್ಪಾಣಿಯವರ ಮದುವೆ ಜವಳಿ ಕೊಲ್ಹಾಪುರದಲ್ಲಿ. ಚಂದಗಡ, ಗಡಹಿಂಗ್ಲಜದವರು ಬೆಳಗಾವಿ ಪೇಟೆಗೆ ಬರುತ್ತಾರೆ, ಜತ್ತ ತಾಲ್ಲೂಕಿನ ಕನ್ನಡಿಗರು ಅಥಣಿ, ವಿಜಯಪುರದ ಹಾದಿ ಹಿಡಿಯುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರಿಗೆ ಲೆಕ್ಕವಿಲ್ಲ. ಕಿಸೆಗಳ್ಳರಿಗೆ ಬೇಕಾದದ್ದೂ ಇಂಥ ನೂಕುನುಗ್ಗಲೇ. ಬಸ್ಸಿನ ಬಾಗಿಲಲ್ಲಿ, ದರ್ಶನದ ಸರದಿಯಲ್ಲಿ, ರೈಲು ಇನ್ನೇನು ಹೊರಟಿತು ಎನ್ನುವ ಗಡಿಬಿಡಿಯಲ್ಲಿ ಫೋನು ಹೋಗುತ್ತದೆ. ಹೋದವರ ಊರು ಒಂದು ರಾಜ್ಯದಲ್ಲಿ, ಹೋದ ಜಾಗ ಇನ್ನೊಂದು ರಾಜ್ಯದಲ್ಲಿ, ಫೋನು ಮಾತ್ರ ಸಂಜೆಯೊಳಗೆ ಎಲ್ಲಿರುತ್ತದೋ ಹೇಳಲಾಗದು.

ಠಾಣೆಗಿಂತ ಮೊದಲು ಸಿಮ್ಮಿನ ಕೆಲಸ ಮುಗಿಯಬೇಕು. ಕಳ್ಳನಿಗೆ ಈಗ ಫೋನಿಗಿಂತ ಅದರೊಳಗಿನ ಬ್ಯಾಂಕ್ ಖಾತೆ ದೊಡ್ಡ ಗಂಟು. ಪರದೆಗೆ ಎಷ್ಟೇ ಭದ್ರ ಬೀಗ ಹಾಕಿರಲಿ, ಸಿಮ್ ಕಿತ್ತು ಬೇರೆ ಫೋನಿಗೆ ತೂರಿಸಿದರೆ ಒಟಿಪಿ ಅಲ್ಲಿಗೆ ಹೋಗಿ ಬೀಳುತ್ತದೆ. ಇದನ್ನು ತಡೆಯಲು ಸಿಮ್ಮಿಗೇ ಪಿನ್ ಇಡುವ ಸೌಲಭ್ಯ ಎಲ್ಲ ಫೋನುಗಳಲ್ಲೂ ಇದೆ, ಬಳಸುವವರು ಕಡಿಮೆ. ಆದ್ದರಿಂದ ಜೊತೆಗಿದ್ದವರ ಫೋನಿನಿಂದ ಮೊದಲ ಕರೆ ಸಿಮ್ ಕಂಪನಿಗೆ, ಎರಡನೆಯದು ಬ್ಯಾಂಕಿಗೆ. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ಬ್ಯಾಂಕಿಗೆ ಸುದ್ದಿ ಮುಟ್ಟಿಸಿದ ಮೇಲೆ ಖಾತೆಯಿಂದ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಅದಕ್ಕೇ ದೂರಿನ ಸಂಖ್ಯೆ ಮತ್ತು ಹೊತ್ತನ್ನು ಬರೆದಿಟ್ಟುಕೊಳ್ಳಬೇಕು. ಗಡಿಯ ರೈತ, ವ್ಯಾಪಾರಿಗಳಲ್ಲಿ ಅನೇಕರು ಎರಡು ಸಿಮ್ ಇಟ್ಟವರು. ಕಬ್ಬಿನ ಬಿಲ್ಲು ಆಚೆಯ ಬ್ಯಾಂಕಿಗೆ ಬೀಳುತ್ತದೆ, ಬೆಳೆಸಾಲ ಈಚೆಯ ಸೊಸೈಟಿಯಲ್ಲಿರುತ್ತದೆ, ಒಂದೊಂದು ಖಾತೆಗೆ ಒಂದೊಂದು ನಂಬರು. ದಿನಾ ಬಳಸುವ ನಂಬರನ್ನು ಮುಚ್ಚಿಸಿ ಇನ್ನೊಂದನ್ನು ಮರೆತುಬಿಡುವುದು ಇಂಥವರಲ್ಲೇ ಹೆಚ್ಚು.

ಇನ್ನು ಠಾಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆ ಠಾಣೆ ಸೊನ್ನೆ ನಂಬರಿನ ಎಫ್‌ಐಆರ್ ದಾಖಲಿಸಿ, ಹದ್ದು ಯಾರದೋ ಅವರಿಗೆ ಕಳಿಸಬೇಕು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಮಿರಜದ ಬಸ್ ಸ್ಟ್ಯಾಂಡಿನಲ್ಲಿ ಫೋನ್ ಕಳಕೊಂಡವರು ಊರಿಗೆ ಬಂದು ಕಾಗವಾಡದಲ್ಲಿ ಫಿರ್ಯಾದಿ ಕೊಟ್ಟರೆ ಕಾನೂನಿನಲ್ಲಿ ಅಡ್ಡಿಯಿಲ್ಲ. ಇಮೇಲಿನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕಳಿಸಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಬೇಕಷ್ಟೆ. ಆದರೆ ಠಾಣೆಯ ಮೇಜಿನ ಮುಂದೆ ಕೇಳಿಬರುವ ಮಾತು ಬೇರೆ: ‘ಅಲ್ಲೇ ಹೋಗಿದ್ದಲ್ರೀ, ಅಲ್ಲೇ ಕೊಡ್ರಿ. ನಾವು ತಗೊಂಡರೂ ಮತ್ತ ಅವರಿಗೇ ಕಳಸೂದು.’ ಹೇಳುವವರ ಕಷ್ಟವೂ ಸುಳ್ಳಲ್ಲ. ಒಂದು ರಾಜ್ಯದ ಕಾಗದ ಇನ್ನೊಂದು ರಾಜ್ಯದ ಠಾಣೆ ಸೇರಿ ಅಲ್ಲಿ ನಂಬರು ಬೀಳುವಷ್ಟರಲ್ಲಿ ದಿನಗಳು ಉರುಳಿರುತ್ತವೆ. ಇಷ್ಟಾದರೂ ಒಲ್ಲೆ ಎನ್ನುವ ಅಧಿಕಾರ ಠಾಣೆಗಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಇಲ್ಲೊಂದು ಸಣ್ಣ ಗಂಟಿದೆ. ಹೊಸ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಗುಂಡಿ ಒತ್ತುವ ಹಳೇ ಫೋನು ಕಳಕೊಂಡ ಅಜ್ಜನಿಗೆ ಎಫ್‌ಐಆರ್ ಸಿಗದಿರುವುದಕ್ಕೆ ಇದೂ ಕಾರಣ. ಫೋನಿನ ಬೆಲೆ ತೋರಿಸುವ ಬಿಲ್ಲು ಠಾಣೆಯಲ್ಲೂ ಬೇಕಾಗುವುದು ಹೀಗೆ. ಕೈಯಿಂದ ಕಿತ್ತುಕೊಂಡು ಓಡಿದ್ದರೆ ಮಾತ್ರ ಅದು ಭಾರತೀಯ ನ್ಯಾಯ ಸಂಹಿತೆಯ 304ನೆಯ ಕಲಮಿನ ಕಸಿಯುವಿಕೆ, ಬೇರೆಯದೇ ಅಪರಾಧ.

ರೈಲಿನಲ್ಲಿ ಹದ್ದಿನ ಪ್ರಶ್ನೆ ಇನ್ನೂ ಸಿಕ್ಕು. ಘಟಪ್ರಭಾ, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿ ರೈಲು ಮಿರಜ ಮುಟ್ಟುವಾಗ ಕಿಸೆ ಮುಟ್ಟಿ ನೋಡಿದವರಿಗೆ, ಫೋನು ಹೋದದ್ದು ಕರ್ನಾಟಕದಲ್ಲೋ ಮಹಾರಾಷ್ಟ್ರದಲ್ಲೋ ಹೇಳುವುದೇ ಆಗದು. ಪ್ರಯಾಣದಲ್ಲಿ ನಡೆದ ಅಪರಾಧವನ್ನು ಆ ಹಾದಿಯಲ್ಲಿ ಬರುವ ಯಾವ ನ್ಯಾಯಾಲಯವಾದರೂ ವಿಚಾರಿಸಬಹುದು ಎಂಬ ನಿಯಮ ಇರುವುದು ಇಂಥದಕ್ಕೇ. ಪ್ರಯಾಣಿಕರ ವಸ್ತು ಕಳುವಾದರೆ ಎಫ್‌ಐಆರ್ ದಾಖಲಿಸುವವರು ರಾಜ್ಯದ ರೈಲ್ವೆ ಪೊಲೀಸರು. ಕೇಂದ್ರದ ಆರ್‌ಪಿಎಫ್ ಬೇರೆ ಪಡೆ. ರೈಲಿನಲ್ಲಿದ್ದಾಗಲೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಇಲ್ಲವೆ ಟಿಟಿಇಯಿಂದ ಫಾರ್ಮ್ ಪಡೆದು ತುಂಬಿಕೊಟ್ಟರೆ, ಇಳಿದು ಠಾಣೆ ಹುಡುಕುವ ತಾಪತ್ರಯ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದದಲ್ಲಿ ಏನು ಬರೆದಿದೆ ಎಂಬುದು. ಗಡಿಯಾಚೆಯ ಠಾಣೆಯಲ್ಲಿ ಹವಾಲ್ದಾರರು ಕೇಳುವ ಮೊದಲ ಪ್ರಶ್ನೆ: ‘ಹರವಲಾ ಕೀ ಚೋರೀಲಾ ಗೇಲಾ?’ ಕಳೆಯಿತೋ, ಕಳುವಾಯಿತೋ. ಶೇಡಬಾಳದ ಹೆಣ್ಣುಮಗಳು ತನಗೆ ಬರುವ ಮರಾಠಿಯಲ್ಲಿ, ನಡುನಡುವೆ ಕನ್ನಡ ಸೇರಿಸಿ, ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ: ಬಸ್ ಹತ್ತುವ ಮುಂದೆ ಪರ್ಸಿನಲ್ಲಿತ್ತು, ಕೂತ ಮೇಲೆ ನೋಡಿದರೆ ಚೈನು ತೆರೆದಿತ್ತು, ಯಾರು ತೆಗೆದರೋ ನೋಡಿಲ್ಲ. ‘ನೋಡಿಲ್ಲ’ ಎಂಬುದಷ್ಟೇ ಮೇಜಿನಾಚೆ ಉಳಿಯುತ್ತದೆ. ಅರ್ಜಿಯ ಮೇಲೆ ‘ಮೊಬೈಲ್ ಗಹಾಳ’ ಎಂದು ಬೀಳುತ್ತದೆ, ಮೊಹರು ಒತ್ತಿ ಕೈಗೆ ಕೊಡಲಾಗುತ್ತದೆ. ಗಹಾಳ ಎಂದರೆ ಕಾಣೆಯಾದದ್ದು. ಅದರಲ್ಲಿ ಕಳ್ಳನಿಲ್ಲ, ಅಪರಾಧವಿಲ್ಲ, ತನಿಖೆಯೂ ಇಲ್ಲ. ಗಡಿಯ ಈಚೆಗೂ ಇದೇ ಕತೆ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಲ್ಲೇ ಕುಳಿತು ಪಡೆಯುವ ಸ್ವೀಕೃತಿ ಕಳೆದುಹೋದ ವಸ್ತುವಿನದು, ಕಳುವಾದ ವಸ್ತುವಿನದಲ್ಲ.

ಪೊಲೀಸರು ಸೋಮಾರಿತನದಿಂದ ಹೀಗೆ ಮಾಡುತ್ತಾರೆಂದು ಹೇಳುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಠಾಣೆಯ ಅಪರಾಧ ಸಂಖ್ಯೆ ಏರದಿರಲಿ ಎಂಬ ಆಸೆ ಇದ್ದದ್ದೇ. ಅದರ ಜೊತೆಗೆ ಇನ್ನೊಂದು ಕಾರಣವುಂಟು. ಎಫ್‌ಐಆರ್ ಆದರೆ ಸಿಕ್ಕ ಫೋನು ಮುದ್ದೆಮಾಲು ಆಗುತ್ತದೆ. ಪಂಚನಾಮೆ ಆಗಬೇಕು, ಕೋರ್ಟಿಗೆ ತಿಳಿಸಬೇಕು. ಮಾಲೀಕರು ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಕಾಗವಾಡದವರು ಇದಕ್ಕಾಗಿ ಮಿರಜದ ಕೋರ್ಟಿಗೆ ಓಡಾಡಬೇಕಾಗುತ್ತದೆ. ಬರೀ ಕಳೆದದ್ದು ಎಂದಿದ್ದರೆ ಬಿಲ್ಲು, ಗುರುತಿನ ಚೀಟಿ ನೋಡಿ ಠಾಣೆಯಲ್ಲೇ ಕೈಗೆ ಕೊಡುತ್ತಾರೆ. ಎಸ್‌ಪಿ ಕಚೇರಿಯಲ್ಲಿ ಮೇಜಿನ ಮೇಲೆ ಫೋನುಗಳನ್ನು ಸಾಲಾಗಿ ಜೋಡಿಸಿ ವಾರಸುದಾರರಿಗೆ ಹಂಚುವ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅವುಗಳಲ್ಲಿ ಬಹುಪಾಲು ಇಂಥವೇ. ಹೀಗಾಗಿ ವಿಮೆ ಇಲ್ಲದವರಿಗೆ ‘ಕಳೆದಿದೆ’ ಎಂಬ ಕಾಗದ ಸಾಕು, ಕೆಲವೊಮ್ಮೆ ಒಳ್ಳೆಯದೂ ಹೌದು. ವಿಮೆ ಇದ್ದವರು ಅದಕ್ಕೆ ಸಹಿ ಹಾಕಿದರೆ ಪರಿಹಾರದ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ. ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕುವುದು ಫಿರ್ಯಾದಿದಾರರ ಹಕ್ಕು, ಎಫ್‌ಐಆರ್ ಪ್ರತಿ ಪುಕ್ಕಟೆ. ಮರಾಠಿ ಮಾತಾಡಲು ಬಂದರೂ ಮೋಡಿ ಹಾಕಿದಂಥ ಠಾಣೆಯ ಕೈಬರಹ ಓದಲು ಬಾರದವರು ಗಡಿಯಲ್ಲಿ ಬೇಕಾದಷ್ಟಿದ್ದಾರೆ, ನಾಚದೆ ಓದಿಸಿಕೊಳ್ಳಬೇಕು.

ಎಫ್‌ಐಆರ್ ಆಗಲಿ, ಕಳೆದ ಸ್ವೀಕೃತಿಯಾಗಲಿ, ಕಾಗದ ಸಿಕ್ಕ ಮೇಲಿನ ಹೆಜ್ಜೆ ಸಿಇಐಆರ್. ಕೇಂದ್ರ ದೂರಸಂಪರ್ಕ ಇಲಾಖೆಯ ಈ ವ್ಯವಸ್ಥೆ 2019ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಪ್ರಯೋಗವಾಗಿ ಶುರುವಾಯಿತು, 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಎಂಬ ಜಾಲತಾಣದ ಭಾಗವಾಗಿ ದೇಶಕ್ಕೆಲ್ಲ ಬಂತು. ಪ್ರತಿ ಫೋನಿಗೆ 15 ಅಂಕಿಯ ಐಎಂಇಐ ಸಂಖ್ಯೆಯಿದೆ, ಎರಡು ಸಿಮ್ಮಿನ ಫೋನಿಗೆ ಎರಡು. ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದು ಇರುತ್ತದೆ. ಫೋನು ಕೈಲಿದ್ದಾಗಲೇ *#06# ಒತ್ತಿ ನೋಡಿ ಬರೆದಿಡಬಹುದು. ಪೊಲೀಸ್ ದೂರಿನ ಪ್ರತಿ, ಬಿಲ್ಲು, ಗುರುತಿನ ಚೀಟಿಯೊಂದಿಗೆ ಅರ್ಜಿ ಹಾಕಿದರೆ ಆ ಸಂಖ್ಯೆಯ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆ ಬೀಳುತ್ತದೆ. ಅರ್ಜಿಗೆ ಒಟಿಪಿ ಬೇಕು, ಅದಕ್ಕಾಗಿ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಮೊದಲೇ ಪಡೆದಿರಬೇಕು. ಹೊಸ ಸಿಮ್ಮಿಗೆ ಎಸ್‌ಎಂಎಸ್ ಬರಲು 24 ಗಂಟೆ ಹಿಡಿಯುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ.

ತಡೆದ ಫೋನಿಗೆ ಯಾರಾದರೂ ಹೊಸ ಸಿಮ್ ಹಾಕಿದರೆ ಆ ನಂಬರಿನ ವಿವರ ದೂರು ದಾಖಲಾದ ಠಾಣೆಗೆ ಹೋಗುತ್ತದೆ. ರಾಜ್ಯದ ಗೆರೆ ಇಲ್ಲಿ ಲೆಕ್ಕಕ್ಕಿಲ್ಲ. ಬೆಳಗಾವಿಯಲ್ಲಿ ಹೋದ ಫೋನು ಇಚಲಕರಂಜಿಯಲ್ಲಿ ಹೊತ್ತಿಕೊಂಡರೆ, ಈಚೆಯ ಪೇದೆ ಆ ನಂಬರಿಗೆ ಕರೆ ಮಾಡಿ ಮರಾಠಿಯಲ್ಲೇ ಮಾತು ತೆಗೆಯುತ್ತಾರೆ. ಕೊನೆಗೆ ‘ಕುರಿಯರ್ ಮಾಡಿಬಿಡಿ, ಇಲ್ಲದಿದ್ದರೆ ನಾವು ಬರಬೇಕಾದೀತು’ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಎಷ್ಟೋ ಫೋನು ಹೀಗೆ ಡಬ್ಬಿಯಲ್ಲಿ ಬಂದಿವೆ. ಫೋನು ಮರಳಿಸುವುದರಲ್ಲಿ ತೆಲಂಗಾಣ ಮತ್ತು ಕರ್ನಾಟಕ ದೇಶದ ಮುಂಚೂಣಿಯಲ್ಲಿರುವುದಕ್ಕೆ ಇಂಥ ಕರೆಗಳ ಕೊಡುಗೆ ಸಣ್ಣದಲ್ಲ. ಎಲ್ಲವೂ ಸಿಗುತ್ತವೆ ಎಂದಲ್ಲ. ಬಿಡಿಭಾಗಗಳಾಗಿ ಮಾರಾಟವಾದದ್ದು, ದೇಶ ದಾಟಿದ್ದು, ಐಎಂಇಐ ತಿದ್ದಿದ್ದು ಈ ಬಲೆಗೆ ಬೀಳವು. ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡದ ಅಪರಾಧ.

ಹಾಗೆ ಕರೆ ಹೋಗುವುದು ಬಹಳ ಸಲ ಕಳ್ಳನಿಗಲ್ಲ, ಬಿಲ್ಲಿಲ್ಲದೆ ಸೆಕೆಂಡ್ ಹ್ಯಾಂಡ್ ಫೋನು ಕೊಂಡ ಕಾಲೇಜು ಹುಡುಗನಿಗೆ. ಕದ್ದ ಮಾಲೆಂದು ತಿಳಿದೂ ಇಟ್ಟುಕೊಂಡರಷ್ಟೇ ಅಪರಾಧ. ತಿಳಿಯದಿದ್ದರೂ ಫೋನು ಹೋಗುತ್ತದೆ, ಕೊಟ್ಟ ಹಣವೂ ಹೋಗುತ್ತದೆ. ಕೊಳ್ಳುವ ಮೊದಲು ಕೆವೈಎಂ ಎಂದು ಬರೆದು ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಜಾತಕ ಬರುತ್ತದೆ.

ವಿಮೆಯ ವಿಷಯದಲ್ಲಿ ಮೊದಲ ಮೋಸ ಅಂಗಡಿಯ ಗಲ್ಲೆಯಲ್ಲೇ ಆಗುತ್ತದೆ. ‘ಇನ್ಸೂರನ್ಸ್ ಐತ್ರಿ’ ಎಂದು ಮಾರುವುದರಲ್ಲಿ ಹೆಚ್ಚಿನದು ಪರದೆ ಒಡೆದರೆ, ನೀರಿಗೆ ಬಿದ್ದರೆ ದುರಸ್ತಿ ಮಾಡಿಸುವ ಯೋಜನೆ; ಕಳುವಿಗೆ ಅದರಲ್ಲಿ ಜಾಗವೇ ಇಲ್ಲ. ಕಳುವೂ ಸೇರಿದ ಪಾಲಿಸಿಯಲ್ಲೂ ಹೊರಗಿಡುವ ಷರತ್ತುಗಳು ಉದ್ದವಾಗಿರುತ್ತವೆ. ಕಾರಣ ತಿಳಿಯದೆ ಕಾಣೆಯಾದದ್ದು, ಕಾವಲಿಲ್ಲದೆ ಬಿಟ್ಟದ್ದು, ಬೀಗ ಮುರಿಯದೆ ಅಥವಾ ಬಲಪ್ರಯೋಗವಿಲ್ಲದೆ ಹೋದದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಜಾತ್ರೆಯ ಕಿಸೆಗಳವು ಇಂಥ ಷರತ್ತಿನಲ್ಲೇ ಸಿಕ್ಕಿಬೀಳುತ್ತದೆ. ಪಾಲಿಸಿ ಜಾತ್ರೆಯ ಹಿಂದಿನ ದಿನ ಓದಬೇಕಾದದ್ದು, ಮರುದಿನವಲ್ಲ. ಪರಿಹಾರ ಒಪ್ಪಿದರೂ ಫೋನಿನ ವಯಸ್ಸಿಗೆ ತಕ್ಕ ಸವಕಳಿ, ಗ್ರಾಹಕರೇ ಭರಿಸಬೇಕಾದ ಪಾಲು ಕಳೆದು ಉಳಿದದ್ದು ಕೈಗೆ ಬರುತ್ತದೆ.

ಕಂಪನಿಗೆ 24 ಇಲ್ಲವೆ 48 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತು ಸಾಮಾನ್ಯ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ವಾಹನ ಕಳವಿನ ಪ್ರಕರಣದಲ್ಲಿ ಹೇಳಿತು. ಕೊಡಬೇಕಾದ ದಾಖಲೆ ಎಫ್‌ಐಆರ್, ಬಿಲ್ಲು, ಸಿಮ್ ಮುಚ್ಚಿಸಿದ ಮತ್ತು ಐಎಂಇಐ ತಡೆದ ಪುರಾವೆ. ಕೆಲವು ಕಂಪನಿಗಳು ಫೋನು ಪತ್ತೆಯಾಗಿಲ್ಲ ಎಂಬ ಪೊಲೀಸರ ಅಂತಿಮ ವರದಿಯನ್ನೂ ಕೇಳುತ್ತವೆ. ಗಡಿಯ ಗೊಂದಲ ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಕಳವು ನಿಜ, ಕಳ್ಳ ಸಿಕ್ಕಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ‘ಸಿ’ ರಿಪೋರ್ಟ್, ಮಹಾರಾಷ್ಟ್ರದಲ್ಲಿ ‘ಎ’ ಸಮರಿ. ಮಹಾರಾಷ್ಟ್ರದ ‘ಸಿ’ ಎಂದರೆ ತಪ್ಪು ತಿಳಿವಳಿಕೆಯಿಂದ ಆದ ಅಥವಾ ಸಿವಿಲ್ ಸ್ವರೂಪದ ದೂರು. ಕನ್ನಡದ ‘ಸಿ’ ವರದಿ ಅಲ್ಲಿನ ರೂಢಿಯವರ ಮೇಜಿಗೆ ಹೋದರೆ ಅರ್ಥ ತಲೆಕೆಳಗಾಗಬಹುದು. ವರದಿಯ ಜೊತೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮುದ್ರೆ ಹಾಕಿಸಿ ಕೊಡುವುದು ಕ್ಷೇಮ. ಎಫ್‌ಐಆರ್ ಪ್ರತಿಗಾಗಿಯಂತೂ ಮತ್ತೆ ಗಡಿ ದಾಟಬೇಕಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದ ನಂತರ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವು ಪೊಲೀಸ್ ಜಾಲತಾಣದಲ್ಲಿ ಸಿಗುತ್ತವೆ. ಪರಿಹಾರ ಪಡೆದ ಮೇಲೆ ಫೋನು ಸಿಕ್ಕರೆ ಅದರ ಮೇಲಿನ ಹಕ್ಕು ವಿಮಾ ಕಂಪನಿಯದು, ಆಗ ಸಹಿ ಹಾಕಿದ ಕಾಗದಗಳಲ್ಲಿ ಇದೂ ಇರುತ್ತದೆ.

ಅರ್ಜಿ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಲೋಕಪಾಲರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಕರ್ನಾಟಕಕ್ಕೆ ಬೆಂಗಳೂರು ಕಚೇರಿ, ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರದವರಿಗೆ ಪುಣೆ. ಇನ್ನೊಂದು ದಾರಿ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಎರಡು ವರ್ಷದ ಅವಧಿಯಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಫೋನು ಮಿರಜದಲ್ಲಿ ಹೋಗಿರಲಿ, ವಿಮಾ ಕಂಪನಿ ಮುಂಬಯಿಯಲ್ಲಿರಲಿ, ಕಾಗವಾಡದವರ ದೂರನ್ನು ಬೆಳಗಾವಿಯ ಜಿಲ್ಲಾ ಆಯೋಗವೇ ಕೇಳುತ್ತದೆ.