ಮೂರೂ ಗಾಲಿ ಒಟ್ಟಿಗೆ ಮುಟ್ಟಬೇಕು

ವಿಮಾನ ಹಾರಿಸೋದು ಬಲು ಕಷ್ಟ ಅಂತ ಎಲ್ಲರೂ ತಿಳಿದಿರ್ತಾರೆ. ಹಾರಿಸೋದು ಅಲ್ಲರೀ, ಇಳಿಸೋದು ಕಷ್ಟ. ಅದರಲ್ಲೂ ಬಾಲದ ತುದಿಗೆ ಪುಟ್ಟ ಗಾಲಿ ಇರುವ ಹಳೇ ಕಾಲದ ವಿಮಾನವಾದರೆ ಮುಗೀತು.

1974ರಲ್ಲಿ ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿ ಬಿಟ್ಟು, ಬಿಜಾಪುರದಲ್ಲಿ ಮೀಟರ್‌ಗೇಜ್ ರೈಲು ಹತ್ತಿ, ಹಾರಾಟ ಕಲಿಯಲು ಬೆಂಗಳೂರಿನ ಜಕ್ಕೂರಿಗೆ ಬಂದೆ. ಫೀಸಿಗಾಗಿ ಅಪ್ಪ ಜೋಡೆತ್ತಿನಲ್ಲಿ ಒಂದನ್ನು ಮಾರಿದ್ದರು. ಕಲಿಯಲು ಸಿಕ್ಕಿದ್ದು ಪುಷ್ಪಕ್. ನಮ್ಮ ಎಚ್‌ಎಎಲ್‌ನಲ್ಲೇ ತಯಾರಾದದ್ದು, 1958ರಲ್ಲಿ ಮೊದಲ ಸಲ ಹಾರಿದ್ದು. ಅಕ್ಕಪಕ್ಕ ಇಬ್ಬರು ಕೂರುವಷ್ಟು ಜಾಗ, 90 ಅಶ್ವಶಕ್ತಿಯ ಎಂಜಿನ್.

ಜೊತೆಗಿದ್ದವರು ಒಬ್ಬೊಬ್ಬರಾಗಿ ಸೋಲೋ ಹೋದರು. ನಾನು ಮಾತ್ರ ಕಪ್ಪೆ. ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಜಿಗಿತ. ಮುಂದಿನ ಎರಡು ಗಾಲಿ ಮೊದಲು ಬಡಿದರೆ ಬಾಲ ಕುಸಿಯುತ್ತದೆ, ಮೂಗು ಏಳುತ್ತದೆ, ರೆಕ್ಕೆ ಮತ್ತೆ ವಿಮಾನವನ್ನು ಎತ್ತುತ್ತದೆ. ಗಾಬರಿಯಿಂದ ಮೂಗು ಕೆಳಗೆ ಒತ್ತಿದಿರೋ, ಎರಡನೇ ಜಿಗಿತ ಇನ್ನೂ ದೊಡ್ಡದು! ಜೋರಾಗಿ ಜಿಗಿದರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೊಡೆದು ಬರಬೇಕು. ಪ್ರತಿ ಸುತ್ತಿಗೂ ದುಡ್ಡು. ಮಾರಿದ ಎತ್ತು ಕಣ್ಣ ಮುಂದೆ ಬರುತ್ತಿತ್ತು.

ಇಳಿದ ಮೇಲಾದರೂ ನೆಮ್ಮದಿಯೇ? ಇಲ್ಲ. ಈ ವಿಮಾನದ ಭಾರವೆಲ್ಲ ಮುಂದಿನ ಗಾಲಿಗಳ ಹಿಂದೆ ಇರುತ್ತದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತು ಎಳೆದರೆ ಬಂಡಿ ಸೀದಾ ಬರುತ್ತದೆ. ಅದನ್ನೇ ನೊಗ ಹಿಡಿದು ಹಿಂದಕ್ಕೆ ದಬ್ಬಿ ನೋಡಿ, ಎತ್ತಲೋ ಹೊರಳುತ್ತದೆ. ಹಾಗೆಯೇ ಬಾಲ ಒಮ್ಮೆ ಪಕ್ಕಕ್ಕೆ ಸರಿದರೆ ತಾನೇ ಮುಂದೆ ಬರಲು ನೋಡುತ್ತದೆ, ವಿಮಾನ ಗಿರ್ರನೆ ತಿರುಗಿಬಿಡುತ್ತದೆ. ಅದಕ್ಕೇ ಎರಡೂ ಕಾಲು ರಡ್ಡರ್ ಮೇಲೆ ಸದಾ ಆಡುತ್ತಿರಬೇಕು.

"ದೂರ ನೋಡು" ಎಂದು ಗುರುಗಳು ಬೈದು ಬೈದು ಸಾಕಾದರು. ನನ್ನ ಕಣ್ಣು ಮಾತ್ರ ಮೂಗಿನ ಕೆಳಗೆ ಓಡುವ ನೆಲದ ಮೇಲೇ.

ದಸರೆಗೆ ಊರಿಗೆ ಹೋದಾಗ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಉಳಿದ ಒಂದೆತ್ತಿಗೆ ಪಕ್ಕದವರ ಎತ್ತನ್ನು ಜೋಡಿ ಮಾಡಿ ಅಪ್ಪ ಕೂರಿಗೆ ಹೊಡೆಯುತ್ತಿದ್ದರು. ನಾನೂ ಕೈ ಹಾಕಿದೆ. ಸಾಲು ಹಾವಿನಂತೆ ಹೋಯಿತು.

"ಎತ್ತಿನ ಕಾಲಾಗ ಏನ್ ನೋಡ್ತಿ? ಬದುವಿನ ಮ್ಯಾಲಿನ ಬೇವಿನ ಗಿಡ ನೋಡು" ಅಂದರು ಅಪ್ಪ.

ನೋಡಿದೆ. ಎರಡು ಸಾಲು ಕೆಟ್ಟವು, ಮೂರನೆಯದು ಸೀದಾ ಬಂತು. ಕಾಲ ಬುಡದ ನೆಲ ನೋಡದಿದ್ದರೂ ಅದು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು.

ಜಕ್ಕೂರಿಗೆ ಮರಳಿ ರನ್‌ವೇಯ ಆ ತುದಿಗೆ ಕಣ್ಣು ನೆಟ್ಟೆ. ನೆಲ ಇಕ್ಕೆಲಗಳಲ್ಲಿ ತಾನಾಗಿ ಮೇಲೆ ಬರುತ್ತಿರುವುದು ಕಂಡಿತು. ಇಳಿಸುವ ಅವಸರ ಬಿಟ್ಟು ಕಂಟ್ರೋಲನ್ನು ಇಷ್ಟಿಷ್ಟೇ ಹಿಂದಕ್ಕೆ ಎಳೆಯುತ್ತಾ, ವಿಮಾನವನ್ನು ಗೇಣು ಎತ್ತರದಲ್ಲೇ ತಡೆದು ಹಿಡಿದೆ. ವೇಗ ಸತ್ತಿತು. ಮೂರೂ ಗಾಲಿ ಒಟ್ಟಿಗೆ ಮುಟ್ಟಿದವು.

ವಾರದೊಳಗೆ ಗುರುಗಳು ಪಕ್ಕದ ಸೀಟಿನಿಂದ ಇಳಿದು, "ಒಬ್ಬನೇ ಹೋಗಿ ಬಾ" ಅಂದರು. ಒಬ್ಬರ ಭಾರ ಕಡಿಮೆಯಾಗಿ ಪುಷ್ಪಕ್ ಇಳಿಯಲೊಲ್ಲದೆ ತೇಲಿತು. ಆದರೂ ಜಿಗಿಯಲಿಲ್ಲ. ಖುಷಿಯಲ್ಲಿ, ಇನ್ನೂ ಓಡುತ್ತಿರುವಾಗಲೇ ಕಾಲು ಸಡಿಲ ಬಿಟ್ಟೆ ನೋಡಿ, ಬಾಲ ಸರ್ರನೆ ಹೊರಳಿ ವಿಮಾನ ಹುಲ್ಲಿಗೆ ಇಳಿಯಿತು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಅಪ್ಪನಿಗೆ ಬರೆದ ಕಾಗದದಲ್ಲಿ ಹುಲ್ಲಿನ ಸಂಗತಿ ಹಾಕಲಿಲ್ಲ.