ಅಯ್ಯನವರಿಲ್ಲದ ವರ್ಷ

ಮಿನ್ನೆಸೋಟಾದ ಲೂಥರನ್ನರಿಗೆ ದೊಡ್ಡ ಸುದ್ದಿ ಏನಾದರೂ ಹೇಳಬೇಕಿದ್ದರೆ ಮೊದಲು ನೆಲಮಾಳಿಗೆಯಲ್ಲಿ ಕಾಫಿ ಆಗಿದೆಯೋ ಎಂದು ನೋಡಿಕೊಳ್ಳಬೇಕು. ನಮ್ಮ ಪಾಸ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆರಾಧನೆಯ ಕೊನೆಗೆ ಪ್ರಕಟಣೆಗಳನ್ನು ಓದುತ್ತ, ಅಂಗಳದ ಹಿಮ ಎತ್ತುವ ಸರದಿ ಈ ವಾರ ಯಾರದು ಎಂಬುದನ್ನು ಮುಗಿಸಿ, ಅದೇ ದನಿಯಲ್ಲಿ, ತಮಗೆ ಅಯೋವಾದ ಒಂದು ಸಭೆಯಿಂದ ಕರೆ ಬಂದಿದೆ, ಒಪ್ಪಿಕೊಂಡಿದ್ದೇನೆ ಎಂದರು. ಯಾರೂ ಮಿಸುಕಲಿಲ್ಲ. ಆಶೀರ್ವಾದ ಆಯಿತು, ಆರ್ಗನ್ ನುಡಿಯಿತು, ಎಲ್ಲರೂ ಕೆಳಗಿಳಿದರು. ಕೈಗೆ ಲೋಟ ಬಂದ ಮೇಲೆ ಒಬ್ಬ ಹಿರಿಯರು "ಹೂಂ" ಎಂದರು. ಪಕ್ಕದವರು "ಹೌದು" ಎಂದರು. ನಾರ್ವೆ ಮೂಲದ ಈ ಜನರ ನಡುವೆ ಇದ್ದು ಇದ್ದು ನನಗೂ ಅಷ್ಟು ಅರ್ಥವಾಗುತ್ತದೆ: ಅದರಲ್ಲಿ ದುಃಖ ಇತ್ತು, ಸಿಟ್ಟು ಇತ್ತು, ಅಯೋವಾದ ಆ ಸಭೆ ನಮ್ಮದಕ್ಕಿಂತ ದೊಡ್ಡದೋ ಏನೋ ಎಂಬ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಕಾಫಿಯ ಮಾತು ಬಂದದ್ದರಿಂದ ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಲೂಥರನ್ ಕಾಫಿಯಲ್ಲಿ ಲೋಟದ ತಳ ಕಾಣುತ್ತದೆ. ಚಿಕ್ಕಮಗಳೂರಿನ ಪುಡಿ ತರಿಸಿಕೊಂಡು ಕುಡಿಯುವ ನನ್ನಂಥವನಿಗೆ ಅದು ಬಿಸಿನೀರಿಗೆ ಬಿದ್ದ ಕನಸು ಅಷ್ಟೆ. ಆದರೆ ಇವರಲ್ಲಿ ಇನ್ನೊಂದು ಕಾಫಿ ಇದೆ. ಪುಡಿಗೆ ಹಸಿಮೊಟ್ಟೆ ಕಲಸಿ ಕುದಿಯುವ ನೀರಿಗೆ ಹಾಕುತ್ತಾರೆ. ಮೊಟ್ಟೆ ಚರಟವನ್ನೆಲ್ಲ ಹಿಡಿದುಕೊಂಡು ತಿಳಿಯಾದ, ಕಹಿಯಿಲ್ಲದ ಡಿಕಾಕ್ಷನ್ ಮೇಲೆ ನಿಲ್ಲುತ್ತದೆ. ಮಿನ್ನೆಸೋಟಾ ರಾಜ್ಯ ಮೇಳದಲ್ಲಿ ಸೇಲಂ ಲೂಥರನ್ ಚರ್ಚಿನವರು ಇದನ್ನೇ ಸ್ವೀಡಿಷ್ ಎಗ್ ಕಾಫಿ ಎಂದು ಮಾರುತ್ತಾರೆ. ಮೊಟ್ಟೆ ಎಂದು ಕೇಳಿ ಮೂಗು ಮುಚ್ಚಿಕೊಳ್ಳುವವರು ಒಂದು ಗುಟುಕು ಕುಡಿದು ಆಮೇಲೆ ಮಾತಾಡಲಿ.

ಆ ರಾತ್ರಿ ಮಂಗಳೂರಿಗೆ ಫೋನು ಮಾಡಿ ಚಿಕ್ಕಪ್ಪನಿಗೆ ಸುದ್ದಿ ಹೇಳಿದೆ. ಚಿಕ್ಕಪ್ಪ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕಮಿಟಿಯಲ್ಲಿ ಕೂತು ಮಾಗಿದವರು. ನಮ್ಮದು ಬಾಸೆಲ್ ಮಿಷನಿನ ಮನೆತನ. ಲೂಥರನ್ನರೂ ರಿಫಾರ್ಮ್ಡರೂ ಸೇರಿ ನಡೆಸಿದ ಮಿಷನ್ ಅದು, ಹಾಗಾಗಿ ನಾನು ಇಲ್ಲಿ ಲೂಥರನ್ ಚರ್ಚಿಗೆ ಹೋಗುವುದು ಅವರಿಗೆ ಅರ್ಧ ಒಪ್ಪಿಗೆ. "ಅಯ್ಯನವರು ಹೋದರೆ ಎಂತ ಆಯ್ತು? ಬಿಷಪರು ಬೇರೆಯವರನ್ನು ಕಳಿಸ್ತಾರಲ್ಲ" ಎಂದರು. ಇಲ್ಲಿ ಬಿಷಪರು ಕಳಿಸುವುದಿಲ್ಲ ಚಿಕ್ಕಪ್ಪ, ಹೆಸರು ಸೂಚಿಸುತ್ತಾರೆ. ಹುಡುಕುವುದು, ಮಾತಾಡಿಸುವುದು, ಕೊನೆಗೆ ವೋಟು ಹಾಕುವುದು ನಾವೇ, ಮೂರರಲ್ಲಿ ಎರಡು ಪಾಲು ಬೀಳಬೇಕು, ವರ್ಷ ಹಿಡಿಯಬಹುದು ಎಂದೆ. ಆ ಕಡೆ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. "ಅಯ್ಯನವರಿಗೆ ವೋಟು ಹಾಕುವುದಾ? ಹಾಗಾದರೆ ನಿಮ್ಮ ಬಿಷಪರಿಗೆ ಕೆಲಸ ಎಂತ ಮಾರಾಯಾ?"

ಚಿಕ್ಕಪ್ಪನ ಆಶ್ಚರ್ಯ ನ್ಯಾಯವಾದದ್ದೇ. ನಾನು ಬೆಳೆದ ಲೋಕದಲ್ಲಿ ಅಯ್ಯನವರಿಗೆ ವರ್ಗವಾಗುತ್ತಿತ್ತು. ಬೀಳ್ಕೊಡುಗೆಗೆ ಹಾರ, ಶಾಲು, ಗ್ರೂಪ್ ಫೋಟೋ. ಮುಂದಿನ ಭಾನುವಾರಕ್ಕೆ ಹೊಸ ಅಯ್ಯನವರು ಪೀಠದ ಮೇಲೆ. ನಡುವೆ ಒಂದು ವಾರವೂ ಖಾಲಿ ಇಲ್ಲ. ಬೇಕೋ ಬೇಡವೋ ಎಂದು ಕೇಳಿದವರಿಲ್ಲ, ಆದ್ದರಿಂದ ದೂರಲು ಪೂರ್ಣ ಸ್ವಾತಂತ್ರ್ಯ. ಮಿಷನಿನ ಕಾಲದಲ್ಲಂತೂ ಮಿಷನರಿಗಳು ಮದುವೆಯಾಗಬೇಕಿದ್ದರೂ ಬಾಸೆಲಿನ ಕಮಿಟಿಯ ಒಪ್ಪಿಗೆ ಬೇಕಿತ್ತು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೋಗ್ಲಿಂಗರಾಗಲಿ, ನಿಘಂಟಿನ ಕಿಟ್ಟೆಲರಾಗಲಿ ಆ ಕಮಿಟಿಯ ಕೈಕೆಳಗಿನವರೇ.

ಹಾಗೆಂದು ವೋಟಿನ ಪದ್ಧತಿ ಅಮೆರಿಕದವರ ಹುಚ್ಚು ಎನ್ನುವಂತಿಲ್ಲ. ಸ್ಯಾಕ್ಸನಿಯಲ್ಲಿ ಲೈಸ್ನಿಗ್ ಎಂಬ ಸಣ್ಣ ಊರಿದೆ. ಅಲ್ಲಿನ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಹತ್ತಿರದ ಬೂಖ್ ಮಠದ ಮಠಾಧಿಪತಿಯದಾಗಿತ್ತು. ಊರಿನವರು ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳುತ್ತೇವೆಂದು ಹೊರಟು ಲೂಥರರ ಬೆಂಬಲ ಕೇಳಿದರು. ಬೋಧನೆ ಸರಿಯೋ ತಪ್ಪೋ ತೂಗಿ ನೋಡುವ, ಬೋಧಕರನ್ನು ಕರೆಯುವ, ತೆಗೆದುಹಾಕುವ ಅಧಿಕಾರ ಸಭೆಗೇ ಇದೆಯೆಂದು 1523ರಲ್ಲಿ ಲೂಥರರು ಒಂದು ಪುಸ್ತಿಕೆಯನ್ನೇ ಬರೆದುಕೊಟ್ಟರು. ಅಂದರೆ ಲೈಸ್ನಿಗ್‌ನ ಜನರ ಹಠ ಐನೂರು ವರ್ಷ ದಾಟಿ, ಸಮುದ್ರ ದಾಟಿ, ನಮ್ಮ ನೆಲಮಾಳಿಗೆಗೂ ಬಂದಿದೆ. ಮಠಾಧಿಪತಿ ಏನೆಂದುಕೊಂಡರೋ, ಚಿಕ್ಕಪ್ಪನ ಪ್ರಶ್ನೆಯನ್ನೇ ಅವರೂ ಕೇಳಿರಬೇಕು.

ಹೋಗುವ ಪಾಸ್ಟರಿಗೆ ಇಲ್ಲಿ ಒಂದು ಕಠಿಣ ನಿಯಮ. ಹೋದ ಮೇಲೆ ಹೋದ ಹಾಗೆ. ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರ ಯಾವುದಕ್ಕೂ ಹಳೆಯ ಸಭೆಯವರು ಕರೆದರೆಂದು ಬರುವಂತಿಲ್ಲ. ಈಗ ಹೊಣೆ ಹೊತ್ತವರು ಕರೆದರೆ ಮಾತ್ರ ಬರಬಹುದು. ನಮ್ಮೂರಿನಲ್ಲಾದರೆ ಮದುವೆ ಕಾಗದದಲ್ಲಿ ಮೂವರು ಮಾಜಿ ಅಯ್ಯನವರ ಹೆಸರಿಲ್ಲದಿದ್ದರೆ ನೆಂಟರು ಏನಾಯಿತೆಂದು ಕೇಳುತ್ತಾರೆ. ನಿಯಮದ ತರ್ಕ ನನಗೂ ತಿಳಿಯುತ್ತದೆ, ಹಳಬರು ಬಾಗಿಲಲ್ಲೇ ನಿಂತಿದ್ದರೆ ಹೊಸಬರು ಒಳಗೆ ಬರುವುದು ಹೇಗೆ? ಆದರೆ ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿ, ನನ್ನನ್ನು ಮಣ್ಣಿಗೆ ಕೊಡುವುದು ಅವರೇ ಆಗಬೇಕು ಎಂದು ಹೇಳುತ್ತಲೇ ಹೋದರು. ಕೊನೆಗೆ ಮಧ್ಯಂತರ ಪಾಸ್ಟರೇ ಅಯೋವಾಕ್ಕೆ ಫೋನು ಮಾಡಿ ಕರೆಸಿದರು. ಹಳೆಯ ಪಾಸ್ಟರು ಬಂದರು, ಪ್ರಾರ್ಥಿಸಿದರು, ಹಿಮದ ಬಗ್ಗೆ ಎರಡು ಮಾತಾಡಿ ಕಾಫಿಗೂ ನಿಲ್ಲದೆ ಕಾರು ಹತ್ತಿದರು. ಕಾಫಿಗೆ ನಿಲ್ಲದ ಲೂಥರನ್ನನನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಂತರ ಪಾಸ್ಟರು ಎಂದೆ. ಅವರು ಬರುವ ಮೊದಲು ಕೆಲವು ವಾರ ಯಾರು ಸಿಕ್ಕರೆ ಅವರು. ಒಬ್ಬ ನಿವೃತ್ತರು ಬಂದು ಮೀನು ಹಿಡಿಯುವುದರ ಬಗ್ಗೆ ಪ್ರಸಂಗ ಮಾಡಿದರು. ಪೇತ್ರನ ಹೆಸರು ಎರಡು ಸಲ ಬಂತು, ಗಾಳದ ಬ್ರಾಂಡಿನ ಹೆಸರು ಹೆಚ್ಚು ಸಲ ಬಂತು. ಯಾರೂ ಸಿಗದ ಭಾನುವಾರ ಶಾಲೆಯ ಮೇಷ್ಟ್ರು ಓದಿದರು, ಕರ್ತನ ಭೋಜನ ಇರಲಿಲ್ಲ.

ಬದಲಿಗೆ ಬಂದವರೆಂದರೆ ಅಸಡ್ಡೆ ಮಾಡುವವರಿಗೆ ಒಂದು ಸಂಗತಿ ನೆನಪಿಸಬೇಕು. ವಿಟೆನ್‌ಬರ್ಗಿನ ಊರ ಚರ್ಚಿನ ಪಾಸ್ಟರು ಲೂಥರರಲ್ಲ, ಅವರ ಗೆಳೆಯ ಬುಗೆನ್‌ಹಾಗನ್. 1528ರಲ್ಲಿ ಬುಗೆನ್‌ಹಾಗನ್ ಬ್ರೌನ್‌ಶ್ವೈಗ್, ಹ್ಯಾಂಬರ್ಗ್‌ಗಳ ಸಭೆಗಳನ್ನು ಸರಿಪಡಿಸಲು ಹೋದಾಗ ಪೀಠದ ಕೆಲಸ ಲೂಥರರ ತಲೆಗೆ ಬಿತ್ತು. ಆ ಬದಲಿ ಅವಧಿಯಲ್ಲಿ ಅವರು ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳ ಮೇಲೆ ಮಾಡಿದ ಪ್ರಸಂಗಗಳಿಂದಲೇ 1529ರ ಕ್ಯಾಟಕಿಸಂಗಳು ಬೆಳೆದದ್ದು. ಇವತ್ತಿಗೂ ಲೂಥರನ್ ಮಕ್ಕಳು ಬಾಯಿಪಾಠ ಮಾಡುವ ಆ ಸಣ್ಣ ಪುಸ್ತಕ ಪಾಸ್ಟರು ಊರಲ್ಲಿಲ್ಲದ ಕಾಲದ ಫಸಲು. ಅದೇ ಬದಲಿ ಬೋಧಕರು 1530ರ ಆರಂಭದಲ್ಲಿ, ಇಷ್ಟು ಹೇಳಿದರೂ ನೀವು ಬದಲಾಗುವುದಿಲ್ಲ, ಇನ್ನು ಪ್ರಸಂಗ ಮಾಡುವುದಿಲ್ಲ ಎಂದು ಸಭೆಯ ಮೇಲೆ ಮುನಿಸಿಕೊಂಡು ಸುಮ್ಮನಾಗಿಬಿಟ್ಟಿದ್ದರು. ನಮ್ಮ ಮೀನಿನ ನಿವೃತ್ತರು ಅಷ್ಟು ದೂರ ಹೋಗಲಿಲ್ಲ.

ಪಾಸ್ಟರಿಲ್ಲದ ಸಭೆಯನ್ನು ನಿಜವಾಗಿ ನಡೆಸುವವರು ಯಾರೆಂಬುದು ಬಹಳ ಬೇಗ ಗೊತ್ತಾಗುತ್ತದೆ. ನಮ್ಮಲ್ಲಿ ಅದು ಅಧ್ಯಕ್ಷರಲ್ಲ, ಖಜಾಂಚಿಯೂ ಅಲ್ಲ, ಬಾಯ್ಲರ್ ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದ ಮಹಾನುಭಾವ. ಮೈನಸ್ ಇಪ್ಪತ್ತರ ಚಳಿಯಲ್ಲಿ ಆ ಬೀಗದ ಕೈಗಿಂತ ದೊಡ್ಡ ಅಧಿಕಾರ ಯಾವ ಬಿಷಪರಿಗೂ ಇಲ್ಲ. ಎರಡನೆಯವರು ಕೌದಿ ಹೊಲಿಯುವ ಹೆಂಗಸರು. ಲೂಥರನ್ ವರ್ಲ್ಡ್ ರಿಲೀಫ್ ಎಂಬ ಸಂಸ್ಥೆ 1945ರಿಂದ ಇದೆ, ನಿರಾಶ್ರಿತರಿಗೆ ಕೌದಿ ಕಳಿಸುತ್ತದೆ. ಅಳತೆ 60 ಅಂಗುಲಕ್ಕೆ 80 ಅಂಗುಲ. ನಮ್ಮ ಅಜ್ಜಿಯರು ವಾರದ ನಡುವೆ ಸೇರಿ ಹಳೆ ಬಟ್ಟೆ ಕತ್ತರಿಸಿ ಜೋಡಿಸುತ್ತಾರೆ. ಪಾಸ್ಟರ್ ಹೋಗುವ ಸುದ್ದಿ ಬಂದ ವಾರವೂ ಹೊಲಿದರು, ಮುಂದಿನ ವಾರವೂ ಹೊಲಿದರು. "ನಾನು ನೋಡುತ್ತಿರುವ ಐದನೆಯ ಪಾಸ್ಟರು ಇವರು. ಆ ಸೂಜಿ ಕೊಡಿ" ಎಂದರು ಒಬ್ಬರು.

ಮಧ್ಯಂತರ ಪಾಸ್ಟರೆಂದರೆ ಜಾಗ ತುಂಬಲು ಬಂದವರೆಂದು ತಿಳಿದಿದ್ದೆ. ನಮಗೆ ಬಂದವರು ಬೇರೆಯೇ. ಸಣ್ಣ ದನಿ, ದಪ್ಪ ಸ್ವೆಟರು, ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಸುಮ್ಮನೆ ಕೂರುವ ಭಯಂಕರ ಶಕ್ತಿ. ಬಿಷಪರ ಆಡಳಿತ ವಲಯವಾದ ಸಿನಡಿಗೆ ಕಳಿಸುವ ವಿವರಪತ್ರ ತುಂಬಬೇಕಿತ್ತು: ಊರು ಎಂಥದು, ಲೆಕ್ಕಪತ್ರ ಹೇಗಿದೆ, ಯಾವ ಕೆಲಸಕ್ಕೆ ಎಂಥವರು ಬೇಕು. ಕರೆ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದರು. ನಮ್ಮ ಸಭೆಯನ್ನು ವರ್ಣಿಸಿ ಎಂಬಲ್ಲಿ ಎಲ್ಲರೂ ಒಂದೇ ಬಾಯಲ್ಲಿ "ಆದರದ, ಸ್ನೇಹದ ಸಭೆ" ಎಂದು ಬರೆಸಿದರು. ಹೊಸಬರು ಹಿಂದಿನ ಬೆಂಚಿನಲ್ಲಿ ಕೂತು ಎಷ್ಟು ಕಾಲ ಹವಾಮಾನದ ಮಾತನ್ನಷ್ಟೇ ಕೇಳಬೇಕಾಗುತ್ತದೆ ಎಂಬುದನ್ನು ನಾನು ಹೇಳಿದೆ. "ಹೂಂ" ಎಂದರು. ಅದೂ ಬರೆಯಲ್ಪಟ್ಟಿತು.

ಆಮೇಲೆ ಬಂತು ಭಿನ್ನಾಭಿಪ್ರಾಯವನ್ನು ಹೇಗೆ ನಿಭಾಯಿಸುತ್ತೀರಿ ಎಂಬ ಪ್ರಶ್ನೆ. "ನಮ್ಮಲ್ಲಿ ಭಿನ್ನಾಭಿಪ್ರಾಯ ಇಲ್ಲ" ಎಂದರು ಆರ್ಗನ್ ನುಡಿಸುವವರು. "ಇದೆ" ಎಂದರು ಬೀಗದ ಕೈಯವರು. ಸ್ವೆಟರಿನ ಪಾಸ್ಟರು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು.

ಕೊನೆಗೆ ಹೊರಬಂದದ್ದು ಹಳೆಯ ಗಾಯ. 2009ರ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ, ನಮ್ಮ ಸಭೆಯೂ ಸೇರಿರುವ ಇ.ಎಲ್.ಸಿ.ಎ. (ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ) ಮಹಾಸಭೆ, ಸಲಿಂಗ ಸಂಗಾತಿಯೊಡನೆ ನಿಷ್ಠೆಯಿಂದ ಬಾಳುವವರೂ ಪಾಸ್ಟರಾಗಬಹುದು ಎಂದು ತೀರ್ಮಾನಿಸಿತು. ಮುಂದಿನ ಒಂದೆರಡು ವರ್ಷಗಳಲ್ಲಿ ನೂರಾರು ಸಭೆಗಳು ಬಿಟ್ಟುಹೋದವು. 2010ರಲ್ಲಿ ಬೇರೆ ಲೂಥರನ್ ಚರ್ಚೇ ಹುಟ್ಟಿತು. ನಮ್ಮ ಸಭೆ ಬಿಡಲಿಲ್ಲ. ಆದರೆ ಆ ವೋಟಿನ ನಂತರ ಹಲವು ಕುಟುಂಬಗಳು ಹೋದವು, ಉಳಿದವರು ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ. ಬೀಗದ ಕೈಯವರ ತಮ್ಮ ಹೋದವರಲ್ಲಿ ಒಬ್ಬ. ಅಣ್ಣತಮ್ಮಂದಿರ ಹೊಲಗಳ ನಡುವೆ ಒಂದೇ ಬೇಲಿ. ಆರ್ಗನ್ ನುಡಿಸುವವರ ಮಗ, ಯಾರ ಬಗ್ಗೆ ವೋಟು ಆಯಿತೋ ಅಂಥವನೇ. ಅದನ್ನು ಅವರು ಚರ್ಚಿನ ಗೋಡೆಗಳೊಳಗೆ ಹೇಳಿದ್ದು ಅವತ್ತು ಮೊದಲ ಸಲ. ಎರಡು ತಾಸು ಮಾತಾಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಪಾಸ್ಟರು ಇದ್ದಷ್ಟು ಕಾಲ ಇಬ್ಬರೂ ತಮ್ಮ ಸಂಕಟವನ್ನು ಅವರ ಕೋಣೆಗೆ ಒಯ್ದು ಹೇಳಿ ಬರುತ್ತಿದ್ದರಂತೆ, ಬೇರೆ ಬೇರೆ ದಿನ. ಆ ಕೋಣೆಗೆ ಬೀಗ ಬಿದ್ದ ಮೇಲಷ್ಟೇ ಒಬ್ಬರಿಗೊಬ್ಬರು ಹೇಳುವ ಪಾಡು ಬಂತು. ಚಿಕ್ಕಪ್ಪನ ಸಭೆಯಲ್ಲಿ ಒಂದು ವಾರವೂ ಖಾಲಿ ಇಲ್ಲದ್ದನ್ನು ನಾನು ಬಹಳ ಕಾಲ ಅನುಕೂಲವೆಂದೇ ಎಣಿಸಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ವಿವರಪತ್ರ ಹೋಯಿತು. ಹೆಸರುಗಳು ಬರುವುದು ಮಾತ್ರ ನಿಧಾನ, ಪಾಸ್ಟರುಗಳ ಕೊರತೆ ಎಲ್ಲೆಡೆ ಇದೆ. ಒಬ್ಬರಿಗೆ ಊರು ದೂರವಾಯಿತು, ಇನ್ನೊಬ್ಬರ ಗಂಡನಿಗೆ ಇಲ್ಲಿ ಕೆಲಸವಿಲ್ಲ. ಸಮಿತಿಯ ಮುಖಗಳು ಬಾಡುತ್ತಿದ್ದಾಗ ನಾನು ಲೈಪ್‌ಜಿಗ್ ಕಥೆ ಹೇಳಿದೆ. 1722ರಲ್ಲಿ ಅಲ್ಲಿನ ಸಂಗೀತಾಚಾರ್ಯ ಕೂನೌ ತೀರಿಕೊಂಡ ಮೇಲೆ ಆ ಜಾಗಕ್ಕೆ ನಗರಸಭೆಗೆ ಟೆಲಿಮಾನ್ ಎಂಬ ಸಂಗೀತಗಾರ ಬೇಕಿತ್ತು. ಆತ ಹ್ಯಾಂಬರ್ಗಿನಲ್ಲಿ ಸಂಬಳ ಏರಿಸಿಕೊಂಡು ಅಲ್ಲೇ ಉಳಿದ. ಆಮೇಲೆ ಆರಿಸಿದ ಗ್ರೌಪ್ನರನನ್ನು ಅವನ ದೊರೆ ಬಿಡಲಿಲ್ಲ. ಉತ್ತಮರು ಸಿಗದಿದ್ದ ಮೇಲೆ ನಡುತರದವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಪ್ಲಾಟ್ಸ್ ಎಂಬ ಸದಸ್ಯ ಗೊಣಗಿದ್ದು ದಾಖಲೆಯಲ್ಲಿದೆ. ಕೊನೆಗೆ 1723ರಲ್ಲಿ ಬಂದ ಆ ವ್ಯಕ್ತಿ ಯೋಹಾನ್ ಸೆಬಾಸ್ಟಿಯನ್ ಬಾಖ್. ಅಂದಹಾಗೆ ಉತ್ತರ ಅಮೆರಿಕದ ಲೂಥರನ್ ಚರ್ಚೊಂದು 1970ರಲ್ಲಿ ಮೊದಲ ಬಾರಿಗೆ ದೀಕ್ಷೆ ಕೊಟ್ಟ ಮಹಿಳೆಯ ಹೆಸರು ಎಲಿಜಬೆತ್ ಪ್ಲಾಟ್ಸ್. ಗೊಣಗಿದವರಿಗೆ ಅವರು ಏನಾದರೂ ಆಗಬೇಕೆಂದೇನಿಲ್ಲ. ಇಂಥದ್ದನ್ನು ಹರಟೆಯಲ್ಲಿ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ, ಅಷ್ಟೆ.

ಹಿಮ ಕರಗಿ, ಜೋಳ ಬಿತ್ತಿ, ಅದು ಮೊಣಕಾಲುದ್ದ ಬರುವ ಹೊತ್ತಿಗೆ ನಮಗೂ ಒಬ್ಬರು ಸಿಕ್ಕರು. ಪರೀಕ್ಷೆಯ ಪ್ರಸಂಗ ಚಿಕ್ಕದಾಗಿತ್ತು, ಅದಕ್ಕೇ ಅರ್ಧ ವೋಟು ಬಂದಿರಬೇಕು. ಆಮೇಲೆ ಸಭಿಕರ ಪ್ರಶ್ನೆಗಳು. ದೇವಶಾಸ್ತ್ರ ಯಾರೂ ಕೇಳಲಿಲ್ಲ. ಬೀಗದ ಕೈಯವರು ಎದ್ದು, "ನೀವು ವಿಸ್ಕಾನ್ಸಿನ್‌ನವರಂತೆ. ಫುಟ್‌ಬಾಲಿನಲ್ಲಿ ಯಾರ ಕಡೆ?" ಎಂದರು. ಆಕೆ ಕಣ್ಣು ತಪ್ಪಿಸದೆ, "ಪ್ಯಾಕರ್ಸ್" ಎಂದರು. ಎದುರಾಳಿ ತಂಡವಾದ ವೈಕಿಂಗ್ಸ್ ನಾಡಿನ ಚರ್ಚಿನಲ್ಲಿ ನಿಂತು ಹೀಗೆನ್ನಲು ಎದೆಗಾರಿಕೆ ಬೇಕು. ಅವರನ್ನು ಹೊರಗೆ ಕೂರಿಸಿ ಚೀಟಿ ಹಂಚಿದರು. ಅಡುಗೆಮನೆಯಲ್ಲಿ ಕೌದಿಯ ಅಜ್ಜಿಯರು ಎಣಿಸಿದರು. ಮೂರರಲ್ಲಿ ಎರಡು ಪಾಲಿಗಿಂತ ಬಹಳ ಮೇಲೆ ಬಂತು, ಬೇಡವೆಂದವು ಒಂಬತ್ತು.

"ಒಂಬತ್ತು ಜನಕ್ಕೆ ಎಂತದಂತೆ?" ಎಂದು ಚಿಕ್ಕಪ್ಪ ಕೇಳಿದರು. ಬೀಗದ ಕೈಯವರು ಕೊಟ್ಟ ಲೆಕ್ಕವನ್ನೇ ಒಪ್ಪಿಸಿದೆ. ಏಳು ಫುಟ್‌ಬಾಲಿನವು. ಉಳಿದೆರಡು ಯಾರು ಬಂದರೂ ಬೇಡವೆನ್ನುವವರದು.

"ಆ ಎರಡು ಇಲ್ಲಿಯೂ ಉಂಟು" ಎಂದರು ಚಿಕ್ಕಪ್ಪ.