ಮಗಳ ತಿರುಗಾಟ

ಬಿ.ಎ. ಮುಗಿಸಿದ ಮಗಳು ಹೆಗ್ಗೋಡಿನ ಅರ್ಜಿ ತಂದು ತೋರಿಸಿದಾಗ ನಾನು ಬಿಸಿಲಿಗೆ ಹಪ್ಪಳ ಹಾಕುತ್ತಿದ್ದೆ. “ನಾಟಕ ಕಲಿಯೋಕೆ ವರ್ಷಗಟ್ಟಲೆ ಹೋಗ್ಬೇಕೇ? ಆಮೇಲೆ ಇವಳನ್ನ ಯಾರು ಮದುವೆಯಾಗ್ತಾರೆ?” ಎಂದರು ಅತ್ತೆ. ಅದು ನನ್ನ ಮನಸ್ಸಿನ ಮಾತೂ ಆಗಿತ್ತು. ಆದರೆ ಹೈಸ್ಕೂಲಿನಲ್ಲಿ ನನಗೆ ಶಕುಂತಲೆಯ ಪಾತ್ರ ಸಿಕ್ಕಾಗ ಅಪ್ಪ ಇದನ್ನೇ ಹೇಳಿ ಬಿಡಿಸಿದ್ದರಲ್ಲ! “ಹೋಗಿ ಬಾ” ಎಂದುಬಿಟ್ಟೆ.

ಸಾಗರದ ಹತ್ತಿರದ, ಅಡಿಕೆ ತೋಟಗಳ ನಡುವಿನ ಹಳ್ಳಿ ಅದು. ಊರವರು 1949ರಲ್ಲಿ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಂ. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿದರು. ಬಣ್ಣ ಹಚ್ಚಿಕೊಂಡು ಮಾತೊಪ್ಪಿಸುವುದಷ್ಟೇ ನಾಟಕ ಎಂದುಕೊಂಡಿದ್ದೆ ನಾನು. ಮಗಳು ಫೋನಿನಲ್ಲಿ ಹೇಳುತ್ತಿದ್ದುದು ಉಸಿರಾಟ, ನಡಿಗೆ, ಬೆಳಕು, ರಂಗಸಜ್ಜಿಕೆಗಳ ಪಾಠ.

ಕಲಿತ ಮೇಲೆ ಕೆಲಸ? 1985ರಲ್ಲಿ ಶುರುವಾದ ‘ತಿರುಗಾಟ’ವಿತ್ತು. ನಾಟಕಗಳನ್ನು ಹೊತ್ತು ಊರೂರು ಸುತ್ತುವ ಆ ತಂಡದೊಂದಿಗೇ ಅವಳು ನಮ್ಮೂರಿಗೂ ಬಂದಳು. ಮನೆಯಲ್ಲಿ ಉಂಡ ತಟ್ಟೆ ಎತ್ತದಿದ್ದವಳು, ಆಟ ಮುಗಿದ ಮೇಲೆ ದೀಪ ಬಿಚ್ಚಿ ಪೆಟ್ಟಿಗೆ ಹೊರುತ್ತಿದ್ದಳು! ಬೆಳಗಾದರೆ ಬೇರೆ ಊರು.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಮದುವೆಯ ಸುದ್ದಿ ಎತ್ತಲಿಲ್ಲ. “ಊಟ ಆಯ್ತೇನೆ ಕೂಸೇ?” ಎಂದಷ್ಟೇ ಕೇಳಿದರು.

ಆ ರಾತ್ರಿ ಪಾತ್ರೆ ತೊಳೆಯುತ್ತಾ ಶಕುಂತಲೆಯ ಮಾತುಗಳನ್ನು ನೆನೆಸಿಕೊಂಡೆ. ಎರಡು ಸಾಲು ಇನ್ನೂ ಬಾಯಲ್ಲಿದ್ದವು.